ಆಟಗಳಿಗೆ ಆಣೆವಾರಿ ಹಾಕಿದ ತಲಾಠಿ

ಆಡದೆಯೇ ಅಂಕ ಕೊಡುವವರ ಕಾಲ ಇದು. ಆಟ ಇನ್ನೂ ಪೇಟೆಗೆ ಬಂದಿರುವುದಿಲ್ಲ, ಹತ್ತಕ್ಕೆ ಒಂಬತ್ತು ಎಂದು ಕೂಗುವವರು ಆಗಲೇ ಬಂದಿರುತ್ತಾರೆ. ಕೂಗುವಾಗ ಮೈಮೇಲೆ ಆ ಕಂಪನಿಯೇ ಕಳಿಸಿದ ಟೀ-ಶರ್ಟು ಇರುತ್ತದೆ, ಅದಕ್ಕೆ ನಾಚಿಕೆಯೂ ಇರುವುದಿಲ್ಲ. ಅಂಥವರ ನಡುವೆ ಅಕ್ಕಲಕೋಟೆಯ ವಿಶ್ವನಾಥರು ಒಂದು ವಿಡಿಯೋ ಗೇಮನ್ನು ಕೊನೆಮುಟ್ಟ ಆಡದೆ ಅದರ ಬಗ್ಗೆ ತುಟಿ ಬಿಚ್ಚಿದವರಲ್ಲ. ತಲಾಠಿ ನೌಕರಿ ಮಾಡಿ ನಿವೃತ್ತರಾದ ಮನುಷ್ಯ. ಬದುವಿನ ಮೇಲೆ ನಿಂತು ಬೆಳೆ ಹೇಳುವವರನ್ನು ಕಂಡರೆ ಅವರಿಗೆ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. ಹೊಲದೊಳಗೆ ಇಳಿ, ಕೊಯ್ದು ನೋಡು, ತೂಗು, ಆಮೇಲೆ ಮಾತಾಡು ಎನ್ನುವವರು.

ಊರಿನ ಹೊಲಮನೆಗಳ ದಾಖಲೆ ಇಡುವ ತಲಾಠಿಗೆ ವರ್ಷಾವರ್ಷ ಒಂದು ಕೆಲಸ ಇರುತ್ತಿತ್ತು: ಆಣೆವಾರಿ. ಹದಿನಾರಾಣೆ ಎಂದರೆ ತುಂಬು ಬೆಳೆ. ಊರಿನ ಪಂಚರನ್ನು ಕರೆದುಕೊಂಡು ಹೋಗಿ, ಚೀಟಿ ಎತ್ತಿ ಬಂದ ಹೊಲದಲ್ಲಿ ಒಂದು ತುಣುಕು ಅಳೆದು, ಅಷ್ಟನ್ನೇ ಕೊಯ್ದು, ಕಾಳು ತೂಗಿ, ಈ ಊರಿನ ಬೆಳೆ ಎಷ್ಟಾಣೆ ಎಂದು ಬರೆಯಬೇಕು. ಸರಕಾರ ಈಗ ಪೈಸೆಯಲ್ಲಿ ಬರೆಯುತ್ತದೆ, ಜನರ ಬಾಯಲ್ಲಿ ಮಾತ್ರ ಆಣೆಯೇ ಉಳಿದಿದೆ. ಎಂಟಾಣೆಯ ಕೆಳಗೆ ಬಂದರೆ ಆ ಊರಿಗೆ ಸವಲತ್ತು. ಕಂದಾಯ ಬಿಡುತ್ತಾರೆ, ಮಕ್ಕಳ ಪರೀಕ್ಷೆಯ ಫೀ ಬಿಡುತ್ತಾರೆ. ಅದಕ್ಕೇ ಆಣೆವಾರಿಯ ಹಂಗಾಮಿನಲ್ಲಿ ರೈತರೆಲ್ಲ ತಲಾಠಿಯ ಬಾಗಿಲಿಗೆ ಬಂದು ಕೇಳುತ್ತಿದ್ದುದು ಒಂದೇ ಮಾತು: ಕಡಿಮೆ ಬರೆಯಿರಿ. ವಿಶ್ವನಾಥರು ಸುಳ್ಳು ಬರೆದವರಲ್ಲ. ಆದರೆ ಅನುಮಾನ ಬಂದಲ್ಲಿ ಅವರ ಕೈ ಕೆಳಗೆ ಜಾರುತ್ತಿತ್ತು. ಕಾಳು ಒಣಗಿದರೆ ತೂಕ ಇಳಿಯುತ್ತದೆ, ಹಕ್ಕಿ ತಿನ್ನುತ್ತದೆ, ರಾಶಿ ಮಾಡುವಾಗ ಉದುರುತ್ತದೆ ಎಂದು ಒಂದಿಷ್ಟು ಕಳೆಯುವರು. ಕರುಣೆ ಎಂದರೆ ಕಳೆಯುವುದು ಎಂದು ಆ ಕೈ ಕಲಿತದ್ದು ಹೀಗೆ.

ಮೊಣಕಾಲಿನ ಆಪರೇಶನ್ ಆಗಿ ಕಾಲು ಚಾಚಿ ಕೂತಾಗ ಮಗಳು ಶ್ರೀಲೇಖಾ ತನ್ನ ಕನ್ಸೋಲನ್ನು ತಂದು ಟಿವಿಗೆ ಹಚ್ಚಿಕೊಟ್ಟಳು. ಅವಳು ಸೊಲ್ಲಾಪುರದ ಬ್ಯಾಂಕಿನಲ್ಲಿ ಕ್ಲಾರ್ಕ್. ಗಂಡನ ಮನೆಯ ಟಿವಿ ಅತ್ತೆಯ ಧಾರಾವಾಹಿಗಳಿಗೇ ಸಾಲದು. ವಿಶ್ವನಾಥರು ಮೊದಲು ಆಡಿದ್ದು ಬೇಸಾಯದ ಆಟ. ಬಿತ್ತಿದ್ದು ಮೂರನೆಯ ದಿನಕ್ಕೆ ಕೊಯ್ಲಿಗೆ ಬಂದದ್ದು ನೋಡಿ ಸಿಟ್ಟು ಬಂದರೂ ಕೊನೆಮುಟ್ಟ ಆಡಿ ಮುಗಿಸಿಯೇ ಅವರು ಕಂಟ್ರೋಲರನ್ನು ಹಾಸಿಗೆಯ ಮೇಲೆ ಒಗೆದರು. ಮಳೆ ಇಲ್ಲ, ಹುಳ ಇಲ್ಲ, ಅಣ್ಣತಮ್ಮಂದಿರ ಬದುವಿನ ಜಗಳ ಕೂಡ ಇಲ್ಲ, ಇದೆಂಥ ಹೊಲ ಎಂದು ಒಂದು ತಾಸು ಬೈದರು. ಹೆಂಡತಿ ಗೋಪಿಕಾ ಆ ಬೈಗುಳವನ್ನು ಮೊಬೈಲಿನಲ್ಲಿ ಹಿಡಿದು ಮಗಳಿಗೆ ಕಳಿಸಿದರು, ಮಗಳು ಅದನ್ನು ಯೂಟ್ಯೂಬಿಗೆ ಏರಿಸಿದಳು. ಬೈಗುಳದ ಕೊನೆಯಲ್ಲಿ ವಿಶ್ವನಾಥರು ‘ನಾಕಾಣೆ’ ಎಂದಿದ್ದರು. ‘ಆಣೆವಾರಿ’ ಚಾನೆಲ್ಲು ಹುಟ್ಟಿದ್ದು ಹೀಗೆ.

ಸೊಲ್ಲಾಪುರ, ವಿಜಯಪುರ, ಕಲಬುರಗಿ ಕಡೆಯ ಹುಡುಗರು ಹುಡುಗಿಯರು ಬೆನ್ನು ಹತ್ತಿದರು. ಅರ್ಧ ಕನ್ನಡ, ಅರ್ಧ ಮರಾಠಿ, ನಡುನಡುವೆ ಕಂದಾಯ ಕಚೇರಿಯ ಭಾಷೆ. ಪದ್ಧತಿ ಮಾತ್ರ ಹೊಲದ್ದೇ. ಆಟ ಪೂರ್ತಿ ಮುಗಿಸುವುದು. ಆಮೇಲೆ ಅದರ ಹಂತಗಳ ಹೆಸರು ಬರೆದ ಚೀಟಿಗಳನ್ನು ಡಬ್ಬಿಗೆ ಹಾಕಿ ಗೋಪಿಕಾರಿಂದ ಮೂರು ಎತ್ತಿಸುವುದು. ಆ ಮೂರನ್ನೇ ಮತ್ತೆ ಆಡಿ ಒಂದೊಂದಕ್ಕೂ ಆಣೆ ಹಾಕಿ ಸರಾಸರಿ ತೆಗೆಯುವುದು. ಕಂಪನಿಯವರು ಜಾಹೀರಾತಿನಲ್ಲಿ ತೋರಿಸುವ ಚಂದದ ಮೂಲೆಗೆ ಅಲ್ಲಿ ಬೆಲೆ ಇಲ್ಲ. ಕಾರು ಓಡಿಸುವ ಒಂದು ದೊಡ್ಡ ಆಟಕ್ಕೆ ಹದಿಮೂರಾಣೆ ಬಂತು. ದೆವ್ವದ ಮನೆಯ ಆಟಕ್ಕೆ ಒಂಬತ್ತು. ದೆವ್ವ ಬರುವ ಮೊದಲೇ ಬಾಗಿಲು ಕಿರುಗುಟ್ಟಿ ಸುಳಿವು ಕೊಡುತ್ತದೆ ಎಂಬ ತಕರಾರು. ಯುದ್ಧದ ಆಟವೊಂದಕ್ಕೆ ಐದು. ಅಷ್ಟು ಜನ ಸತ್ತರೂ ಯಾರ ಮನೆಯಲ್ಲೂ ಅಳು ಕೇಳುವುದಿಲ್ಲವಲ್ಲ ಎಂದು ಅವರು ಕೇಳಿದ ಪ್ರಶ್ನೆಗೆ, ಆಟವನ್ನು ಹೊಗಳಿ ಹೊಟ್ಟೆ ಹೊರೆಯುವ ಯಾವ ಸಮೀಕ್ಷಕನೂ ಉತ್ತರ ಕೊಡಲಿಲ್ಲ.

ಆ ಚಳಿಗಾಲದಲ್ಲಿ ಬಂದದ್ದು ‘ಲಾಳಿ’. ಮಾಡಿದವಳು ಕುಂಭಾರಿಯ ರೈತ ಕಲ್ಲಣ್ಣನ ಮಗಳು ಸುವರ್ಣಾ. ಸೊಲ್ಲಾಪುರದ ಟವೆಲ್ ಕಾರಖಾನೆಯೊಂದರಲ್ಲಿ ಕಂಪ್ಯೂಟರಿನ ಮೇಲೆ ನೇಯ್ಗೆಯ ಡಿಸೈನು ಮಾಡುತ್ತಿದ್ದವಳು. ಆ ಕೆಲಸ ಬಿಟ್ಟು, ಇಬ್ಬರು ಗೆಳತಿಯರ ಜೊತೆ ಒಂದು ಕೋಣೆ ಹಿಡಿದು ಈ ಆಟ ಕಟ್ಟಿದ್ದಳು. ಆಡುವವರೇ ಮಗ್ಗದ ಲಾಳಿ. ಎಳೆಗಳ ನಡುವೆ ಓಡಬೇಕು; ದಾರಿ ಸರಿಯಿದ್ದರೆ ಹಿಂದೆ ಚಾದರಿನ ನವಿಲು ಮೂಡುತ್ತದೆ, ತಪ್ಪಿದರೆ ಎಳೆ ಹರಿಯುತ್ತದೆ.

ವಿಶ್ವನಾಥರಿಗೆ ಆಟ ಹಿಡಿಸಿತು. ಮೂರು ಚೀಟಿಗಳ ಲೆಕ್ಕದಲ್ಲಿ ಹನ್ನೊಂದಾಣೆಯೂ ಬಂತು. ಆದರೆ ಮಾಡಿದವಳು ಯಾರು ಎಂಬುದು ಅವರಿಗೆ ಗೊತ್ತಿತ್ತು. ಕುಂಭಾರಿಯಲ್ಲಿ ತಲಾಠಿಯಾಗಿದ್ದಾಗ ಅವಳಪ್ಪನ ಹೊಲದಲ್ಲಿ ಎಷ್ಟೋ ಸಲ ಜೋಳ ತೂಗಿದ್ದರು. ರೈತನ ಮಗಳು, ಮೊದಲ ಬೆಳೆ, ಕೈಯಲ್ಲಿದ್ದ ನೌಕರಿಯೂ ಹೋಗಿದೆ. ಕೈ ತನ್ನ ಹಳೆಯ ದಾರಿ ಹಿಡಿಯಿತು. ಮೂರನೆಯ ಭಾಗದಲ್ಲಿ ಬಂದದ್ದೇ ಬರುತ್ತದೆ, ಒಂದು ಕಳೆ. ಜನ ಆಡುತ್ತ ಆಡುತ್ತ ಹೊಸತನ ಒಣಗುತ್ತದೆ, ಇನ್ನೊಂದು ಕಳೆ. ಹಕ್ಕಿಪಕ್ಕಿಗೆ ಎಂದು ವಿಡಿಯೋದಲ್ಲೇ ಹೇಳಿ ಮತ್ತಷ್ಟು. ಕೊನೆಗೆ ಏಳಾಣೆ ಎಂದು ಸಾರಿ, ಈ ಮಕ್ಕಳಿಗೆ ಎಲ್ಲರೂ ಕೈಹಚ್ಚಬೇಕು ಎಂದು ಕೈಮುಗಿದರು. ಒಂದು ಪುಣ್ಯದ ಕೆಲಸ ಆಯಿತೆಂದು ಸಮಾಧಾನದಿಂದ ಊಟ ಮಾಡಿದರು.

ನಾಲ್ಕು ದಿನ ಬಿಟ್ಟು, ಶನಿವಾರ ಬೆಳಿಗ್ಗೆ ಕಲ್ಲಣ್ಣ ಮಗಳೊಂದಿಗೆ ಅಕ್ಕಲಕೋಟೆಯಲ್ಲಿ ಎಸ್‌.ಟಿ. ಬಸ್ಸು ಇಳಿದು ಮನೆಗೆ ಬಂದ. ಕಂಕುಳಲ್ಲಿ ಹಸಿ ಜೋಳದ ತೆನೆಗಳ ಕಟ್ಟು. ಸುಟ್ಟು ಸೀತನಿ ತಿನ್ನಲಿ ಎಂದು ತಂದದ್ದು. ಕಟ್ಟನ್ನು ಕಟ್ಟೆಯ ಮೇಲಿಟ್ಟು ಆತ ಎರಡೂ ಕೈ ಜೋಡಿಸಿದ.

“ಏಳಾಣಿ ಬರದ್ರಂತ ಕೇಳ್ದ್ಯಾ. ಭಾಳ ಉಪಕಾರ ಆತ್ರಿ, ಭಾವುಸಾಹೇಬ್ರ. ಇನ್ನ ಹುಡುಗೀಗಿ ಏನರೆ ಸವಲತ್ತು ಸಿಗ್ತದ.”

ತಲಾಠಿಯನ್ನು ಭಾವುಸಾಹೇಬ ಎಂದೇ ಕರೆಯುವುದು ಆ ಕಡೆಯ ರೂಢಿ. ವಿಶ್ವನಾಥರು ಅದರಲ್ಲೇನು, ನಮ್ಮ ಹುಡುಗಿ ಎಂದು ತಲೆ ಆಡಿಸಿದರು. ಇಬ್ಬರು ಹಿರಿಯರಿಗೂ ಲೆಕ್ಕ ಸರಿಹೋಗಿತ್ತು. ಬಾಗಿಲ ಬಳಿಯೇ ನಿಂತಿದ್ದ ಸುವರ್ಣಾ ಮಾತ್ರ ಒಳಗೆ ಬಂದಿರಲಿಲ್ಲ.

“ಕಾಕಾ, ಒಂದ ಕೇಳ್ತೀನಿ,” ಎಂದಳು. “ಆ ಕಾರಿನ ಆಟಕ್ಕ ಹದಿಮೂರಾಣಿ ಕೊಟ್ರಲ್ಲ, ಅದ್ರಾಗ ಹಕ್ಕಿ ಎಷ್ಟ ತಿಂದಿದ್ವು?”

ಅಡುಗೆಮನೆಯಿಂದ ಗೋಪಿಕಾರ ದನಿ ಬಂತು: “ಇವರ ಹಕ್ಕಿ ಬಡವರ ಹೊಲಕ್ಕಷ್ಟ ಇಳೀತಾವ, ಸುವರ್ಣಾ. ಒಳಗ ಬಾ.”

ಸುವರ್ಣಾ ಒಳಗೆ ಬಂದು ಕೂತು ಎಲ್ಲ ಹೇಳಿದಳು. ‘ಲಾಳಿ’ಗೆ ಇನ್ನೂ ಹೆಚ್ಚು ಸಮೀಕ್ಷೆಗಳು ಬಂದಿಲ್ಲ, ಬಂದದ್ದು ಮೂರೇ. ಅಂಕಗಳನ್ನೆಲ್ಲ ಒಟ್ಟು ಹಾಕುವ ಒಂದು ವೆಬ್‌ಸೈಟಿದೆ. ಅದು ಏಳಾಣೆಯನ್ನು ನೂರಕ್ಕೆ ನಲವತ್ನಾಲ್ಕು ಎಂದು ಬರೆದುಕೊಂಡಿದೆ. ಅದರಿಂದ ಸರಾಸರಿ ಅರ್ಧಕ್ಕಿಂತ ಕೆಳಗೆ ಇಳಿದು ಆಟದ ಹೆಸರಿನ ಮುಂದೆ ಕೆಂಪು ಚುಕ್ಕೆ ಬಿದ್ದಿದೆ. ಆಟವನ್ನು ಹೊರದೇಶಗಳಿಗೂ ಒಯ್ಯುತ್ತೇವೆ ಎಂದಿದ್ದ ಪುಣೆಯ ಕಂಪನಿಯವರು ಫೋನು ಮಾಡಿದ್ದರು: ನಿಮ್ಮ ಊರ ಕಡೆಯವರೇ ಅರ್ಧ ಕೊಟ್ಟಿಲ್ಲ, ಉಳಿದವರು ಏನು ಕೊಟ್ಟಾರು? ಸೋಮವಾರ ಅವರ ತೀರ್ಮಾನ. ಅವರು ಬಿಟ್ಟರೆ ಕೋಣೆಗೆ ಬೀಗ, ಟವೆಲ್ ಕಾರಖಾನೆಯ ಬಾಗಿಲಿಗೆ ಮತ್ತೆ ಅರ್ಜಿ.

ಕಲ್ಲಣ್ಣ ಗೊಂದಲದಲ್ಲಿ ಮಗಳ ಮುಖ ನೋಡಿದ. ಅರ್ಧಕ್ಕಿಂತ ಕಡಿಮೆಯಾದರೆ ಸರಕಾರದ ಮದತ್ ಬರಬೇಕಲ್ಲ ಎಂಬುದು ಆತನ ಪ್ರಶ್ನೆ.

“ಇಲ್ಲಿ ಅರ್ಧಕ್ಕಿಂತ ಕಡಿಮಿ ಆದ್ರ ಅಂಗಡಿ ಮುಚ್ಚಸ್ತಾರ, ಅಪ್ಪಾ.”

ವಿಶ್ವನಾಥರ ಕಿವಿ ಬಿಸಿಯಾಯಿತು. ಬೆಳೆ ತೂಗಿದವನಿಗೆ ಇಷ್ಟೂ ತಿಳಿಯಬಾರದೇ? ದೊಡ್ಡ ಕಂಪನಿಯ ಕಾರಿಗೆ ತಕ್ಕಡಿ ಹಿಡಿದಿದ್ದರು. ಈ ಹುಡುಗಿಗೆ ತಕ್ಕಡಿ ಬದಿಗಿಟ್ಟು ತಲೆ ಸವರಿದ್ದರು. ಬಡವರ ಕೆಲಸ ಎಂದೊಡನೆ ಅದನ್ನು ಕೆಲಸ ಎಂದು ನೋಡದೆ ಕಷ್ಟ ಎಂದು ನೋಡುವ ಈ ರೋಗ ದೇಶದ ತುಂಬ ಇದೆ, ಮತ್ತು ಅದಕ್ಕೆ ತುತ್ತಾದವರೆಲ್ಲ ತಮ್ಮನ್ನು ಒಳ್ಳೆಯವರು ಎಂದುಕೊಂಡಿರುತ್ತಾರೆ. ವಿಶ್ವನಾಥರೂ ಹಾಗೇ ಅಂದುಕೊಂಡು ನಾಲ್ಕು ದಿನ ಹಾಯಾಗಿ ಮಲಗಿದ್ದರು. ಈಗ ಗಡಬಡಿಸಿ, ಈ ಕ್ಷಣವೇ ಹನ್ನೆರಡಾಣೆ ಎಂದು ತಿದ್ದಿಬಿಡುತ್ತೇನೆ ಎಂದು ಮೊಬೈಲಿಗೆ ಕೈ ಹಾಕಿದರು.

“ಹನ್ನೆರಡು ಬೇಡಾಕ ಬಂದಿಲ್ರಿ ನಾ,” ಎಂದಳು ಸುವರ್ಣಾ. “ಮಂದಿಗಿ ಹಿಡದ ತಕ್ಕಡಿ ನನಗೂ ಹಿಡೀರಿ. ಅದ್ರಾಗ ಐದಾಣಿ ಬಂದ್ರ ಐದ ಬರೀರಿ, ನಾ ಮಾತಾಡಂಗಿಲ್ಲ.”

ಹೇಳುವಾಗ ಅವಳ ದನಿ ಗಟ್ಟಿಯಾಗಿತ್ತು, ಬೆರಳುಗಳು ಮಾತ್ರ ಓಢಣಿಯ ತುದಿಯನ್ನು ಹಿಂಡುತ್ತಿದ್ದವು. ಐದೇ ಬಂದರೆ ಸೋಮವಾರದ ಮಾತೇ ಇಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಹಾಗಾದರೆ ಹೊಸದಾಗಿಯೇ ಅಳೆಯೋಣ ಎಂದರು ವಿಶ್ವನಾಥರು. ತೆನೆಯ ಕಟ್ಟನ್ನು ಒಳಗೆ ಒಯ್ಯಲು ಎದ್ದ ಕಲ್ಲಣ್ಣನನ್ನು ಗೋಪಿಕಾ ತಡೆದರು. ಅಳತೆ ಮುಗಿಯುವ ತನಕ ಈ ಮನೆಯಲ್ಲಿ ಒಂದು ಕಾಳೂ ಸುಡುವುದಿಲ್ಲ, ನಾಳೆ ಜನ ಸೀತನಿ ತಿಂದು ಬರೆದರು ಅಂದಾರು. ಡಬ್ಬಿಗೆ ಚೀಟಿಗಳು ಬಿದ್ದವು. ಎತ್ತುವವರು ಯಾರು ಎಂದಾಗ ಕಲ್ಲಣ್ಣನೇ ಮುಂದೆ ಬಂದ. ಕನ್ನಡ ಅಕ್ಷರ ಬಾರದ, ಮರಾಠಿಯಲ್ಲಿ ಸಹಿ ಮಾತ್ರ ಬರುವ ಮನುಷ್ಯ. ಮೂರು ಚೀಟಿ ತೆಗೆದು ತಲಾಠಿಯ ಅಂಗೈಯಲ್ಲಿಟ್ಟ. ಅದರಲ್ಲೊಂದು ಮೂರನೆಯ ಭಾಗದ್ದು. ಬಂದದ್ದೇ ಬರುತ್ತದೆ ಎಂದಿದ್ದರಲ್ಲ, ಅದರಲ್ಲೂ ಎಲ್ಲಕ್ಕಿಂತ ಬೇಸರದ ಹಂತ. ಸುವರ್ಣಾ ಅದನ್ನು ನೋಡಿ ಕಣ್ಣು ಮುಚ್ಚಿದಳು. ಬೇರೆ ಚೀಟಿ ಎತ್ತೋಣವೇ ಎಂದು ಯಾರೂ ಕೇಳಲಿಲ್ಲ. ಅವಳೂ ಕೇಳಲಿಲ್ಲ.

ವಿಶ್ವನಾಥರು ಕಾಲು ಚಾಚಿ ಆಡಲು ಕೂತರು. ಮೊದಲ ತುಣುಕಿನಲ್ಲಿ ಲಾಳಿ ಸರಾಗ ಓಡಿತು. ನವಿಲಿನ ಕುತ್ತಿಗೆ ಮೂಡಿದಾಗ, ಇದನ್ನು ಮೊದಲೇ ಒಮ್ಮೆ ಕಂಡಿದ್ದರೂ ಅವರ ಬಾಯಿಂದ ‘ವ್ವಾ’ ಎಂದು ಹೊರಟೇಬಿಟ್ಟಿತು. ಹನ್ನೆರಡು. ಎರಡನೆಯದು ಆ ಬೇಸರದ ಹಂತ. ಸುವರ್ಣಾ ಎದ್ದು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತಳು. ಒಳಗೆ ಎಳೆಗಳು ಅದೇ ಎಳೆ, ತಿರುವು ಅದೇ ತಿರುವು. ವಿಶ್ವನಾಥರು ಎರಡು ಸಲ ಆಕಳಿಸಿದರು, ಆಕಳಿಕೆಯನ್ನು ಮುಚ್ಚಿಕೊಳ್ಳಲೂ ಇಲ್ಲ. ಏಳು. ಮೂರನೆಯದರಲ್ಲಿ ಅವರು ಎಳೆ ಹರಿದುಕೊಂಡು ಸೋತರು, ಮತ್ತೆ ಆಡಿದರು, ಮತ್ತೆ ಸೋತರು. ಊಟಕ್ಕೆ ಏಳಿ ಎಂದ ಹೆಂಡತಿಗೆ ಇನ್ನೊಂದೇ ಸಲ ಎಂದು ಕೈ ತೋರಿದರು. ಊಟ ಬಿಡಿಸಿದ ಆಟಕ್ಕೆ ಹನ್ನೊಂದಕ್ಕಿಂತ ಕಡಿಮೆ ಹಾಕುವಂತಿರಲಿಲ್ಲ.

ಲೆಕ್ಕ ಹತ್ತಾಣೆಗೆ ಬಂದು ನಿಂತಿತು. ಈ ಸಲ ಒಣಗಿದ್ದು, ಉದುರಿದ್ದು ಏನನ್ನೂ ಕಳೆಯಲಿಲ್ಲ. ಏರಿಸಲೂ ಇಲ್ಲ.

ಕರೆದು ಹೇಳಿದಾಗ ಸುವರ್ಣಾ ಹತ್ತು ಎಂದು ಒಮ್ಮೆ ತಾನೇ ಹೇಳಿಕೊಂಡಳು. ಆಮೇಲೆ ಉಸಿರು ಬಿಟ್ಟು ಗೋಡೆಗೆ ಆತು ಕೂತಳು. ಬೆಳಗಿನಿಂದ ಬಿಗಿಹಿಡಿದಿದ್ದ ಹೆಗಲು ಇಳಿಯಿತು. ಗೋಪಿಕಾ ಒಲೆಯ ಮೇಲೆ ತೆನೆ ಇಟ್ಟರು.

ಆ ಮಧ್ಯಾಹ್ನವೇ ವಿಶ್ವನಾಥರು ಹೊಸ ವಿಡಿಯೋ ಮಾಡಿದರು. ಹಳೆಯದನ್ನು ಅಳಿಸಲಿಲ್ಲ, ಮೊದಲು ಹನ್ನೊಂದು ಬಂದದ್ದು, ತಾವು ಏಳಕ್ಕೆ ಇಳಿಸಿದ್ದು, ಯಾಕೆ ಇಳಿಸಿದ್ದು, ಈಗ ಹತ್ತು ಬಂದದ್ದು ಎಲ್ಲವನ್ನೂ ಒಪ್ಪಿಸಿದರು. ಮೂರನೆಯ ಭಾಗ ನೀರಸ ಎಂಬುದನ್ನೂ ಬಿಡಲಿಲ್ಲ. ಕೆಳಗೆ ಬೈದವರು ಬೈದರು. ಊರವಳೆಂದು ಏರಿಸಿದ ಮುದುಕ ಎಂದರು. ಟೀ-ಶರ್ಟಿನವರೂ ಬಂದು ನೀತಿ ಹೇಳಿದರು. ವಿಶ್ವನಾಥರಿಗೆ ಅದು ನಾಟಲಿಲ್ಲ. ಬೈಗುಳ ಓದುತ್ತಲೇ ನಿದ್ದೆ ಹೋದರು.

ಭಾನುವಾರ ಆ ವೆಬ್‌ಸೈಟು ಅಂಕ ತಿದ್ದಿಕೊಂಡಿತು. ಸರಾಸರಿ ಅರ್ಧ ದಾಟಿ ಕೆಂಪು ಚುಕ್ಕೆ ಹೋಯಿತು. ಸೋಮವಾರ ಹಗಲು ಮೂರರ ಸುಮಾರಿಗೆ ಸುವರ್ಣಾಳ ಫೋನು ಬಂತು. ಪುಣೆಯವರು ಆಟ ತೆಗೆದುಕೊಂಡಿದ್ದರು, ಒಂದು ಕರಾರಿನ ಮೇಲೆ: ಮೂರನೆಯ ಭಾಗವನ್ನು ಹೊಸದಾಗಿ ಕಟ್ಟಬೇಕು. ಅವಳು ನಗುತ್ತ, ನಡುನಡುವೆ ಮೂಗು ಸೇದುತ್ತ ಹೇಳಿದಳು. ಕಟ್ಟುವಾಗ ಸೊಲ್ಲಾಪುರಕ್ಕೆ ಬಂದು ಒಮ್ಮೆ ಆಡಿ ನೋಡುತ್ತೀರಾ ಎಂದೂ ಕೇಳಿದಳು. ಬರುವುದಿಲ್ಲ ಎಂದರು ವಿಶ್ವನಾಥರು. ಬಿತ್ತುವಾಗ ಕೈ ಹಾಕಿದವನು ಆಮೇಲೆ ತಕ್ಕಡಿ ಹಿಡಿಯಬಾರದು. ಅದಕ್ಕೂ ಅವಳು ನಕ್ಕಳು.

ಅಷ್ಟರಲ್ಲಿ ಫೋನು ಕಲ್ಲಣ್ಣನ ಕೈಗೆ ಹೋಗಿತ್ತು. ಮಗಳು ನಗುವುದನ್ನು ಕಂಡು ಆತನಿಗೂ ಸಂತೋಷವೇ, ಆದರೆ ಎಂಟರ ಮೇಲೆ ಹೋದದ್ದು ಇನ್ನೂ ಜೀವಕ್ಕೆ ಚುರುಕೆನ್ನುತ್ತಿತ್ತು.

“ಭಾವುಸಾಹೇಬ್ರ, ಹತ್ತಾಣಿ ಆತಲ್ರಿ. ಇನ್ನ ಸವಲತ್ತಿಗಿ ಯಾರ ಕಡಿ ಅರ್ಜಿ ಕೊಡೂದು?”

“ಯಾರ ಕಡೀನೂ ಬ್ಯಾಡ, ಕಲ್ಲಣ್ಣ,” ಎಂದರು ವಿಶ್ವನಾಥರು. “ಬೆಳಿ ಬಂದದ.”

ಇಷ್ಟು ವರ್ಷಗಳ ನೌಕರಿಯಲ್ಲಿ ಈ ಒಂದು ಮಾತನ್ನು ಅವರು ಆತನಿಗೆ ಹೇಳಿರಲಿಲ್ಲ. ಹೌದೇನ್ರಿ ಎಂದ ಕಲ್ಲಣ್ಣ, ಮೆಲ್ಲಗೆ. ಹೌದು ಎಂದು ವಿಶ್ವನಾಥರು ಇನ್ನೊಮ್ಮೆ ಹೇಳಿದರು.