ಬಿಸಿ ಆರದ ಮೂಸೆ

ಸೊಸೆ ಎಂ.ಎಸ್ಸಿ. ಮುಗಿಸಿದ್ದು ಮದುವೆಗೆ ಮುಂಚೆ. ಆಮೇಲೆ ಮಗು, ಹಾಸಿಗೆ ಹಿಡಿದ ಮಾವ, ಗಂಡನ ಶಿಫ್ಟು ಕೆಲಸ ಅಂತ ಅವಳ ರಸಾಯನಶಾಸ್ತ್ರ ಅಟ್ಟ ಸೇರಿತ್ತು. ಮಾವ ತೀರಿಕೊಂಡರು, ಮಗು ಶಾಲೆಗೆ ಹೋಗತೊಡಗಿತು. ಆ ಹೊತ್ತಿಗೆ ವಿಶ್ವವಿದ್ಯಾಲಯದವರು ವಿಜ್ಞಾನ, ಎಂಜಿನಿಯರಿಂಗ್ ಎರಡೂ ಕಡೆಯ ಸಂಶೋಧನಾ ಸಹಾಯಕರ ಹುದ್ದೆಗಳಿಗೆ ಒಟ್ಟಿಗೆ ಅರ್ಜಿ ಕರೆದರು. ವಯಸ್ಸಿನ ಮಿತಿ ಈ ವರ್ಷಕ್ಕೆ ಮುಗಿಯುತ್ತಿತ್ತು. ಈ ಸಲ ತಪ್ಪಿದರೆ ಅವಳು ಮತ್ತೆ ಅರ್ಜಿ ಹಾಕುವ ಹಾಗೇ ಇರಲಿಲ್ಲ.

ರಸಾಯನಶಾಸ್ತ್ರದ ಪ್ರೊಫೆಸರರದು ಒಂದು ಪದ್ಧತಿ. ಮೊದಲು ಕೈಕೆಲಸ, ಆಮೇಲೆ ಮಾತು. ಬಂದವರಿಗೆಲ್ಲ ಒಂದೇ ಹೊಲದ ಮಣ್ಣು. ಅದನ್ನು ಮೂಸೆಗೆ, ಅಂದರೆ ಬೆಂಕಿ ತಡೆಯುವ ಪುಟ್ಟ ಬಟ್ಟಲಿಗೆ, ಹಾಕಿ ಕುಲುಮೆಯಲ್ಲಿಡಬೇಕು. ತೆಗೆದು ಗಾಜಿನ ಮುಚ್ಚಳದ ಪಾತ್ರೆಯೊಳಗೆ ಆರಿಸಬೇಕು. ಪೂರ್ತಿ ಆರಿದ ಮೇಲೆ ತೂಗಿ, ಸುಟ್ಟು ಹೋದದ್ದು ಎಷ್ಟು ಅಂತ ಬರೆಯಬೇಕು. ಬಿಸಿ ಇರುವಾಗ ತೂಗಿದರೆ ತಕ್ಕಡಿ ತೂಕ ಕಮ್ಮಿ ತೋರಿಸುತ್ತದೆ. ಅದು ಸೊಸೆಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕುಲುಮೆಗೆ ಸರದಿ, ಅವಳದ್ದು ಕೊನೆ. ಶಾಲೆ ಬಿಡುವ ಹೊತ್ತಾಗಿತ್ತು. ಮನಸ್ಸೆಲ್ಲ ಶಾಲೆಯ ಗೇಟಿನ ಹತ್ತಿರ. ಇಕ್ಕಳದಲ್ಲಿ ಮೂಸೆ ಎತ್ತಿದಳು, ತೂಗಿದಳು, ಬರೆದು ಹೊರಗೆ ಬಂದಳು.

ಹೊರಗಿನ ಬೆಂಚಿನ ಮೇಲೆ ಅತ್ತೆ ಕೂತಿದ್ದರು.

"ಮುಗೀತಾ? ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲ ಅಂತ ಊಟ ತಂದೆ."

ಡಬ್ಬಿ ಕೈಗೆ ಬಂದಾಗ ಅದರ ತಳ ಇನ್ನೂ ಬೆಚ್ಚಗಿತ್ತು. ಸೊಸೆ ತಿರುಗಿ ಪ್ರಯೋಗಾಲಯದ ಬಾಗಿಲ ಕಡೆ ನೋಡಿದಳು.

"ಅತ್ತೆ, ಮೂಸೆ ಆರಿರ್ಲಿಲ್ಲ. ನಾನು ಬರೆದಿದ್ದು ತಪ್ಪು."

"ಅವರಿಗೆ ಗೊತ್ತಾಯ್ತಾ?"

"ಇಲ್ಲ."

"ಮತ್ತೆ ನೀನ್ಯಾಕೆ ಹೋಗಿ ತಲೆ ಕೊಡ್ತೀಯ? ಇದೇ ಕೊನೇ ಸಲ ಅಂತ ನೀನೇ ಅಂದೆ."

"ಇಂಥಾ ಲೆಕ್ಕ ನೋಡ್ಕೊಂಡೇ ಹೊಲಕ್ಕೆ ಎಷ್ಟು ಗೊಬ್ಬರ ಅಂತ ಹೇಳೋದು ಅತ್ತೆ. ಹೀಗೆ ಬಿಟ್ಟು ಬರೋಕೆ ಮನಸ್ಸೊಪ್ಪಲ್ಲ."

ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದರು. "ನಿನ್ನ ಹಠ ನನಗೇನು ಹೊಸದಾ? ಹೋಗು. ಮಗೂನ ನಾನು ಕರ್ಕೊಂಡು ಬರ್ತೀನಿ. ಡಬ್ಬಿ ಮಾತ್ರ ಆರೋಕೆ ಬಿಡಬೇಡ."

ಸೊಸೆ ಒಳಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದಳು. ಪ್ರೊಫೆಸರರು ಕನ್ನಡಕ ತೆಗೆದರು.

"ಬರೆದದ್ದನ್ನ ಅಳಿಸೋ ಹಾಗಿಲ್ಲಮ್ಮ. ಎಲ್ಲರಿಗೂ ಒಂದೇ ನಿಯಮ."

"ಅಳಿಸೋದು ಬೇಡ ಸಾರ್. ಸರಿಯಾದದ್ದನ್ನ ಪಕ್ಕದಲ್ಲಿ ಬರೀತೀನಿ."

ಕಾದಳು, ಮತ್ತೆ ತೂಗಿದಳು, ಬರೆದಳು. ಆಮೇಲೆ ಸಂದರ್ಶನದಲ್ಲಿ ಎರಡೂ ವಿಭಾಗದವರ ಮುಂದೆ ಆ ಎರಡು ಅಂಕಿ ಯಾಕೆ ಅಂತಲೂ ಹೇಳಿದಳು. ಸಂಜೆ ಆ ಹುದ್ದೆ ಇನ್ನೊಬ್ಬನಿಗೆ ಹೋಯಿತು. ಅವನು ಮೊದಲ ಸಲವೇ ಆರಿಸಿ ತೂಗಿದ್ದ. ಅದು ನ್ಯಾಯವೇ ಆಗಿತ್ತು.

ಅವಳು ಚೀಲ ಎತ್ತಿಕೊಳ್ಳುವಾಗ, ಸಂದರ್ಶನದವರ ಪೈಕಿ ಕೊನೆಯ ಕುರ್ಚಿಯಲ್ಲಿದ್ದ ಎಂಜಿನಿಯರಿಂಗ್ ಕಡೆಯ ಮೇಡಂ ಕರೆದರು.

"ನಮಗೂ ಅರ್ಜಿ ಹಾಕಿದ್ದೀರಲ್ಲ? ನಮ್ಮದು ರಸ್ತೆ ಕೆಳಗಿನ ಮಣ್ಣಿನ ಪರೀಕ್ಷೆ. ತಪ್ಪು ತೂಗಿ ಬಾಯಿ ಮುಚ್ಕೊಂಡ್ರೆ ರಸ್ತೆನೇ ಕುಸಿಯುತ್ತೆ. ಮಣ್ಣು ಒಣಗೋಕೆ ರಾತ್ರಿಯೆಲ್ಲ ಬೇಕು. ಕಾಯೋ ತಾಳ್ಮೆ ಇದೆಯಾ?"

"ಇದೆ ಮೇಡಂ. ಇವತ್ತು ಮಧ್ಯಾಹ್ನ ಇರಲಿಲ್ಲ."

ಮೇಡಂ ನಕ್ಕರು. "ಸೋಮವಾರ ಕೆಲಸಕ್ಕೆ ಬನ್ನಿ."

ಹೊರಗೆ ಅತ್ತೆ, ಪಕ್ಕದಲ್ಲಿ ಮಗು.

"ಏನಾಯ್ತೇ?"

"ಬೇರೆ ಕಡೆ ಸಿಕ್ತು ಅತ್ತೆ. ಮಣ್ಣು ಒಣಗೋವರೆಗೂ ಕಾಯೋ ಕೆಲಸ."

"ಕಾಯೋಕೂ ಸಂಬಳ ಕೊಡ್ತಾರಾ? ಮೊದಲೇ ಹೇಳಬಾರದಾ, ಇಷ್ಟೊತ್ತು ನಾನು ಪುಕ್ಕಟೆ ಕಾದೆನಲ್ಲ!"

ಡಬ್ಬಿ ತಣ್ಣಗಾಗಿಯೇ ಹೋಗಿತ್ತು. ಮೂವರೂ ಅಲ್ಲೇ ಬೆಂಚಿನ ಮೇಲೆ ಕೂತು ಅದನ್ನು ಖಾಲಿ ಮಾಡಿದರು.