ಬಸವಂತಪ್ಪನ ಮುಂದಿನ ಸೀಟು

ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ನನ್ನನ್ನು ಸೋಲಿಸುವ ಮನುಷ್ಯ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ. ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ನಾನೆಸೆದ ಟವೆಲ್ ಬಸ್ಸಿಗಿಂತ ಮೊದಲೇ ಬಂದು ಸೀಟಿನ ಮೇಲೆ ಕೂತಿರುತ್ತಿತ್ತು. ಈ ವಿದ್ಯೆಯನ್ನು ನಂಬಿಕೊಂಡೇ ಬಸವಂತಪ್ಪ ನನ್ನ ಜೊತೆ ಕಾಕಸಸ್ ಪರ್ವತಗಳ ಕಡೆಗೆ ಹೊರಟದ್ದು.

ಬಸವಂತಪ್ಪ ಗದಗಿನವನು. ಟೊರೊಂಟೊದ ಥಾರ್ನ್‌ಕ್ಲಿಫ್ ಪಾರ್ಕಿನಲ್ಲಿ ನಮ್ಮದೇ ಬಿಲ್ಡಿಂಗು, ನನ್ನ ಮನೆಗಿಂತ ಎರಡು ಮಹಡಿ ಮೇಲೆ. ಬೋಲ್ಟನ್ನಿನ ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಬಿಲ್ಡಿಂಗಿನಲ್ಲಿ ಯಾರು ಮನೆ ಬದಲಾಯಿಸಿದರೂ ಸಾಮಾನು ಜೋಡಿಸಲು ಅವನೇ ಬೇಕು. ಇಡೀ ಟೊರೊಂಟೊವನ್ನು ಕೊಟ್ಟರೂ ಒಂದು ವ್ಯಾನಿನಲ್ಲಿ ಹಿಡಿಸಿ, "ಇನ್ನೊಂದು ಸ್ಟೂಲಿಗೆ ಜಾಗ ಐತಿ ನೋಡ್ರಿ" ಅನ್ನುವ ಆಸಾಮಿ.

ಅವನಿಗಿದ್ದದ್ದು ಒಂದೇ ಆಸೆ.

"ರಘಣ್ಣ, ಹದಿಮೂರು ವರ್ಷ ಆತು, ಕಣ್ಣ ಮುಂದ ಬರೇ ರಟ್ಟಿನ ಡಬ್ಬಿ. ಒಮ್ಮೆ ಗಾಡಿ ಮುಂದಿನ ಸೀಟಿನ್ಯಾಗ ಕುಂತು, ಅಡ್ಡ ಏನೂ ಇಲ್ಲದಂಗ ಒಂದು ಹಿಮದ ಗುಡ್ಡ ನೋಡಬೇಕು."

2019ರ ಸೆಪ್ಟೆಂಬರಿನಲ್ಲಿ ಹೊರಟೆವು. ಮೂರು ವಾರ ಆರ್ಮೇನಿಯಾ, ಜಾರ್ಜಿಯಾ, ಟ್ಯಾಕ್ಸಿ ಮುಟ್ಟಲಿಲ್ಲ. ರಾತ್ರಿ ರೈಲಿನ ಮೇಲಿನ ಬರ್ತು, ಡಾರ್ಮಿಟರಿಯ ಅಟ್ಟದ ಮಂಚ. ಬಸವಂತಪ್ಪನ ಬ್ಯಾಗಿನಲ್ಲಿ ಬಟ್ಟೆಗಿಂತ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯೇ ಹೆಚ್ಚು. ಆದರೆ ಗುಡ್ಡ ಮಾತ್ರ ಮುಖ ತೋರಿಸಲಿಲ್ಲ. ಹೋದಲ್ಲೆಲ್ಲ ಮೋಡ. ಆ ಮೋಡಗಳು ಟೊರೊಂಟೊದಿಂದಲೇ ನಮ್ಮ ಹಿಂದೆ ಟಿಕೆಟ್ಟಿಲ್ಲದೆ ಬಂದಿದ್ದವು ಎಂದು ನನ್ನ ಬಲವಾದ ಅನುಮಾನ.

ಕೊನೆಯ ದಿನ ಆಕಾಶ ತೊಳೆದಿಟ್ಟಂತಿತ್ತು. ಮರುದಿನ ಬೆಳಿಗ್ಗೆ ವಿಮಾನ. ಜಾರ್ಜಿಯಾದ ರಾಜಧಾನಿ ತ್ಬಿಲಿಸಿಯ ಸ್ಟ್ಯಾಂಡಿನಲ್ಲಿ ಕಾಜ್ಬೆಕ್ ಎಂಬ ಹಿಮಪರ್ವತದ ಊರಿಗೆ ಹೋಗುವ ಮಾರ್ಶ್ರುತ್ಕಾ ನಿಂತಿತ್ತು. ಅಂದರೆ ನಮ್ಮ ಟೆಂಪೋದ ದೂರದ ನೆಂಟ. ತುಂಬಿದ ಮೇಲೆಯೇ ಹೊರಡುತ್ತದೆ. ಡ್ರೈವರನ ಪಕ್ಕದ ಎರಡು ಸೀಟೂ ಖಾಲಿ! ನಾನು ಕಿಟಕಿಯಿಂದ ಚೌಕಳಿ ಟವೆಲ್ ಎಸೆದೆ.

"ಆಯ್ತಯ್ಯಾ, ಸೀಟು ನಮ್ಮದು. ನಡಿ, ಬಿಸಿ ಬಿಸಿ ಚೀಸ್ ರೊಟ್ಟಿ ತಿಂದು ಬರೋಣ."

"ಒಬ್ರರ ಕುಂದರೂಣಲ್ಲ? ಟವೆಲ್ ನೋಡಿ ಜಾಗಾ ಬಿಡಾಕ ಇವರೇನು ನಮ್ಮ ಗದಗಿನ ಮಂದಿ ಏನ್ರಿ?"

"ನನ್ನ ಟವೆಲ್ಲಿಗೆ ಭಾಷೆ ಬೇಕಿಲ್ಲ ಕಣಯ್ಯ."

ಹತ್ತೇ ನಿಮಿಷ. ವಾಪಸು ಬಂದು ನೋಡಿದರೆ ಮುಂದಿನ ಒಂದು ಸೀಟಿನಲ್ಲಿ ತಲೆಗೆ ಕಪ್ಪು ವಸ್ತ್ರ ಕಟ್ಟಿದ ಅಜ್ಜಿ, ಇನ್ನೊಂದರಲ್ಲಿ ಅವಳ ಚೀಲಗಳು. ಡ್ರೈವರ್ ನನ್ನ ಟವೆಲ್ಲನ್ನು ಬಕೆಟ್ಟಿನಲ್ಲಿ ಅದ್ದಿ ಮುಂದಿನ ಗಾಜು ಉಜ್ಜುತ್ತಿದ್ದ. ಪಾಪ, ಯಾರೋ ಬಟ್ಟೆ ಇಟ್ಟು ಉಪಕಾರ ಮಾಡಿದ್ದಾರೆ ಎಂದುಕೊಂಡಿರಬೇಕು.

ಉಳಿದಿದ್ದು ಹಿಂದೆ, ಚಕ್ರದ ಮೇಲಿನ ಒಂದೇ ಸೀಟು. ಡ್ರೈವರ್ ಒಂದು ಬೆರಳು ಎತ್ತಿದ. ಒಬ್ಬರು ಮಾತ್ರ.

ಬಸವಂತಪ್ಪ ನನ್ನ ಮುಖ ನೋಡಿದ. ಬೈದಿದ್ದರೆ ಚೆನ್ನಾಗಿತ್ತು. "ನೀವು ಹೋಗಿ ಬರ್ರಿ" ಎಂದುಬಿಟ್ಟ. 

ಅಷ್ಟರಲ್ಲಿ ಅವನ ಕಣ್ಣು ವ್ಯಾನಿನೊಳಗೆ ಹೋಯಿತು. ದಾರಿಯ ತುಂಬ ಆಲೂಗಡ್ಡೆ ಮೂಟೆ, ಟ್ರಂಕು, ಜನರ ಬ್ಯಾಗು ಚೆಲ್ಲಾಪಿಲ್ಲಿ. "ಥೂ, ಹಿಂಗ ಲೋಡ್ ಮಾಡ್ತಾರೇನ್ರಿ!" ಎಂದವನೇ ಅಂಗಿಯ ತೋಳು ಮಡಚಿ ಒಳಗೆ ನುಗ್ಗಿದ. ಎಲ್ಲ ಕೆಳಗಿಳಿಸಿದ. ಭಾರದ್ದು ಅಡಿಗೆ, ಹಗುರದ್ದು ಮೇಲಕ್ಕೆ, ಅಜ್ಜಿಯ ಚೀಲಗಳು ಹಿಂದಿನ ಕಿಟಕಿಗೆ ಒತ್ತಿ ಸಾಲಾಗಿ. ಆರು ನಿಮಿಷದಲ್ಲಿ ವ್ಯಾನಿನೊಳಗೆ ಕ್ರಿಕೆಟ್ ಆಡುವಷ್ಟು ಜಾಗ. ಡ್ರೈವರ್ ಬಾಯಿ ತೆರೆದು ನೋಡಿದ, ಬಸವಂತಪ್ಪನ ಬೆನ್ನು ತಟ್ಟಿದ, ಖಾಲಿಯಾದ ಮುಂದಿನ ಸೀಟು ತೋರಿಸಿದ.

ದಾರಿಯುದ್ದಕ್ಕೂ ಬಸವಂತಪ್ಪ, ಅಜ್ಜಿ ಖಡಕ್ ರೊಟ್ಟಿ ಹಂಚಿಕೊಂಡು ತಿಂದರು. ತಿರುವಿನಲ್ಲಿ ಕಾಜ್ಬೆಕ್ ಎದ್ದು ನಿಂತಾಗ ಅವನು ಜಗಿಯುವುದನ್ನು ಮರೆತು ಕೂತಿದ್ದನಂತೆ. ಹಿಂದೆ ಚಕ್ರದ ಮೇಲೆ ಕೂತಿದ್ದ ನಾನು ನೋಡಲಿಲ್ಲ. ನನ್ನ ಕಿಟಕಿಗೆ ಅಜ್ಜಿಯ ಚೀಲಗಳನ್ನು ಒಂದು ಬೆರಳೂ ತೂರದಂತೆ ಜೋಡಿಸಿದ್ದ, ಮಹಾರಾಯ.

ಈ ವಸಂತದಲ್ಲಿ ಬಸವಂತಪ್ಪ ಫೋರ್ಕ್‌ಲಿಫ್ಟಿನಿಂದ ಕೊನೆಯ ಸಲ ಇಳಿದ. ನನ್ನ ಮೊಣಕಾಲೂ ಈಗ ಬ್ಯಾಕ್‌ಪ್ಯಾಕ್ ಹೊರಲು ಒಪ್ಪುವುದಿಲ್ಲ. ಕಳೆದ ಭಾನುವಾರ ಅವನ ಮನೆಯಲ್ಲಿ ಚಹಾ ಕುಡಿಯುತ್ತ, ಗೋಡೆಯ ಮೇಲಿನ ಕಾಜ್ಬೆಕ್ ಫೋಟೋ ತೋರಿಸಿ ಅವನ ಮಗಳು ತನ್ವಿಗೆ ಹೇಳಿದೆ:

"ನೋಡಮ್ಮ, ನಿಮ್ಮಪ್ಪ ಆ ಗುಡ್ಡ ನೋಡಿದ್ದು ನನ್ನ ಟವೆಲ್ಲಿನ ದಯದಿಂದ."

"ರಿಯಲಿ, ಅಪ್ಪಾ?"

ಬಸವಂತಪ್ಪ ಕಪ್ಪು ಕೆಳಗಿಟ್ಟ.

"ಖರೇನ ಐತಿ ಮಗಳ. ಆ ಗ್ಲಾಸಿನ ಮ್ಯಾಲೆ ಎಷ್ಟು ಧೂಳಿತ್ತು! ಅಂಕಲ್ಲರ ಟವೆಲ್ ಇರಲಿಲ್ಲಂದ್ರ ಗುಡ್ಡ ಅಷ್ಟು ಸ್ವಚ್ಛ ಎಲ್ಲಿ ಕಾಣ್ತಿತ್ತು?"