ಗಾಳಿಗುಡ್ಡದ ಬನ್ನಿ ಗಿಡಕ್ಕೆ ಕೊನೆಯ ಪಯಣ

ಭಾನುವಾರ ಮಧ್ಯಾಹ್ನ ರೊಟ್ಟಿ ಊಟ ಮುಗಿಸಿ, ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು ನಾನು ಪ್ರಯಾಣ ಹೊರಟೆ. ಹೊರಟದ್ದು ಬಂದರಿನಿಂದ, ಮುಟ್ಟಬೇಕಾದದ್ದು ಗಾಳಿಗುಡ್ಡ. ಭೂಪಟದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನಾನೂ ನನ್ನ ಅಣ್ಣನೂ ವರ್ಷಗಟ್ಟಲೆ ಸುತ್ತಾಡಿದ ಒಂದು ಆನ್‌ಲೈನ್ ಆಟದ ಊರುಗಳಿವು. ಖಡ್ಗ, ಮಾಟ, ರಾಕ್ಷಸರಿರುವ ಆಟ. ಅಂದು ಸಂಜೆ ಆರಕ್ಕೆ ಅದನ್ನು ಕಾಯಮಾಗಿ ಮುಚ್ಚುತ್ತೇವೆಂದು ಆಟದವರು ಎಲ್ಲರಿಗೂ ತಿಳಿಸಿದ್ದರು. ಅಷ್ಟರೊಳಗೆ ನಮ್ಮ ಮೆಚ್ಚಿನ ಜಾಗಗಳನ್ನು ಕಣ್ತುಂಬ ನೋಡಿಬಿಡಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅಣ್ಣನೂ ಬಂದಾನು ಎಂಬ ಆಸೆ. ಏಳು ವರ್ಷದಿಂದ ನಾವಿಬ್ಬರೂ ಮಾತಾಡಿರಲಿಲ್ಲ.

ಕಾರಣ ಸಣ್ಣದು, ಸಿಟ್ಟು ದೊಡ್ಡದು. ಧಾರವಾಡದಲ್ಲಿ ಹೊಸ ಮನೆ ಕಟ್ಟಿಸಿ ಮನೆ ಶಾಂತಿ, ಅಂದರೆ ಗೃಹಪ್ರವೇಶ, ಇಟ್ಟುಕೊಂಡಾಗ ಅವನು ನನ್ನನ್ನು ಕರೆದದ್ದು ಮೊಬೈಲಿಗೆ ಕಳಿಸಿದ ಒಂದು ಆಮಂತ್ರಣದ ಚಿತ್ರದಿಂದ. ನಮ್ಮ ಕಡೆ ಮದುವೆಯಾದ ಮಗಳನ್ನು ತವರಿನವರು ಮನೆಗೆ ಬಂದು, ಕುಂಕುಮ ಹಚ್ಚಿ ಕರೆಯಬೇಕು. ನಾನು ಬಾಗಿಲು ಕಾಯ್ದೆ. ಅವನು ಬರಲಿಲ್ಲ, ನಾನು ಹೋಗಲಿಲ್ಲ. "ಸ್ವಂತ ತಂಗಿಗೆ ಬ್ಯಾರೆ ಕರಿಯೂದೇನು?" ಎಂದನಂತೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇಪ್ಪತ್ತು ಕಿಲೋಮೀಟರ್. ಇಬ್ಬರೂ ಬಸ್ಸು ಹತ್ತಲಿಲ್ಲ.

ಬಂದರಿನಲ್ಲಿ ಎಂದಿನಂತೆ ಮಂಜು. ದೋಣಿಯ ಬಾಡಿಗೆ ಈಗಲೂ ಎರಡು ಬೆಳ್ಳಿ ನಾಣ್ಯ. ಲೋಕ ಮುಳುಗುವ ದಿನವೂ ಅಂಬಿಗ ಒಂದು ನಾಣ್ಯ ಬಿಡಲಿಲ್ಲ. ನನ್ನ ಜೊತೆ ದೋಣಿಯಲ್ಲಿ ಗಡ್ಡ ಬಿಟ್ಟ ಕುಳ್ಳನ ವೇಷದ ಒಬ್ಬ ಆಟಗಾರ ಇದ್ದ. ತಾನು ಸೊಲ್ಲಾಪುರದವನೆಂದು ಹಿಂದಿಯಲ್ಲಿ ಬರೆದ. ಕೇಳದೆಯೇ ಒಂದು ಸುಟ್ಟ ಮೀನು ಕೊಟ್ಟು, "ಇನ್ನು ಯಾರಿಗೆ ಅಂತ ಎತ್ತಿಡಲಿ?" ಎಂದ. ಹುಟ್ಟಾ ಸಸ್ಯಾಹಾರಿಯಾದ ನಾನು ಆಟದೊಳಗೆ ಮಾತ್ರ ಮೀನು ಬಿಡುವವಳಲ್ಲ. ತಿಂದೆ.

ಆಚೆ ದಡದಲ್ಲಿ ಗವಿಯೊಳಗಿನ ಪೇಟೆ. ಇದಕ್ಕೆ ಆಟದವರು ಇಟ್ಟ ಹೆಸರು ನಾಲಿಗೆ ಹೊರಳದಂಥದು. ಅಣ್ಣ ನಮ್ಮೂರ ಪೇಟೆಯ ಹೆಸರಿನಿಂದ ಲೈನ್ ಬಜಾರ್ ಎಂದು ಕರೆದ, ನಮಗೆ ಅದೇ ಉಳಿಯಿತು. ಆಗ ಧಾರವಾಡದ ಅಪ್ಪನ ಮನೆಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್, ಒಂದೇ ಕುರ್ಚಿ. ಅರ್ಧರ್ಧ ಕುಳಿತು, ಒಬ್ಬರು ನಡೆಸಿದರೆ ಇನ್ನೊಬ್ಬರು ಹೊಡೆದಾಡುತ್ತಿದ್ದೆವು. ಹಸಿರು ಮೈಯ ವ್ಯಾಪಾರಿಗಳೊಡನೆ ಅಣ್ಣ ಚೌಕಾಶಿ ಮಾಡುವಾಗ ಅವ್ವ ಒಳಗಿನಿಂದ, "ಯಾರ ಜೋಡಿ ಜಗಳಾ ತಗದಿರಿ?" ಎಂದು ಕೇಳುತ್ತಿದ್ದಳು. ಈಗ ಪೇಟೆಯಲ್ಲಿ ನಾನೊಬ್ಬಳೇ. ವ್ಯಾಪಾರಿಗಳು ಮಾತ್ರ ಹಳೆಯ ಮಾತನ್ನೇ ಕೂಗುತ್ತಿದ್ದರು. ಬಹಳ ಹೊತ್ತು ನಿಲ್ಲಲಾಗಲಿಲ್ಲ.

ಮುಂದೆ ಜೊಂಡು ಬೆಳೆದ ಕೆರೆ, ಧಾರವಾಡದ ಕೆರೆಯ ಹೆಸರಿನಿಂದ ನಮಗೆ ಇದು ಕೆಲಗೇರಿ. ಮಳೆ ಹನಿಯುತ್ತಿತ್ತು. ಇಲ್ಲಿ ರಾಕ್ಷಸರಿಲ್ಲ, ಗಳಿಸುವಂಥದೂ ಏನಿಲ್ಲ. ಆದರೂ ಪರೀಕ್ಷೆ ಕೆಟ್ಟ ದಿನ, ಅಪ್ಪ ಬೈದ ದಿನ, ನಾವು ಬಂದು ಕೂರುತ್ತಿದ್ದದ್ದು ಈ ದಂಡೆಗೇ. ನನ್ನ ಯಜಮಾನರು ಚಹಾ ತಂದಿಟ್ಟು ಪರದೆಗೆ ಬಗ್ಗಿ ನೋಡಿದರು.

"ಎಲ್ಲಿಗೆ ಬಂತು ನಿನ್ನ ಸವಾರಿ?"

"ಕೆಲಗೇರಿಗೆ."

"ಇದ ಟೈಮಿನ್ಯಾಗ ಖರೇ ಕೆಲಗೇರಿಗೆ ಹೋಗಿ, ನಿಮ್ಮಣ್ಣನ ಮನ್ಯಾಗ ಚಾ ಕುಡದು ಬರಬಹುದಿತ್ತು!" ಎಂದರು. ಗೆಳೆಯರ ಪಟ್ಟಿಯಲ್ಲಿ ಅಣ್ಣನ 'ಹುಲಿಗೌಡ' ಎಂಬ ಆಟದ ಹೆಸರು ಇನ್ನೂ ಮಂಕಾಗಿಯೇ ಇತ್ತು, ಅವನು ಆಟಕ್ಕೆ ಬಂದಿರಲಿಲ್ಲ.

ಗಾಳಿಗುಡ್ಡಕ್ಕೆ ಕುದುರೆ ಹತ್ತುವುದಿಲ್ಲ, ನಡೆದೇ ಹೋಗಬೇಕು. ಸುತ್ತು ಸುತ್ತು ದಾರಿ, ಎರಡೂ ಕಡೆ ಎದೆಮಟ್ಟದ ಹುಲ್ಲು. ತುದಿಯಲ್ಲಿ ಒಂದು ಗಿಡ. ಮದುವೆಯಾದ ಮೊದಲ ದಸರೆಗೆ ನನಗೆ ತವರಿಗೆ ಹೋಗಲಾಗಲಿಲ್ಲ. ಅಳುತ್ತ ಕುಳಿತವಳನ್ನು ಅಣ್ಣ ಈ ಗಿಡದ ಕೆಳಗೆ ಕರೆಸಿಕೊಂಡು, "ಇದ ನಮ್ಮ ಬನ್ನಿ" ಎಂದ. ನಾನು ಎಲೆ ಕೊಟ್ಟು ಬಾಗಿದೆ. "ಬಂಗಾರ ತಗೊಂಡು ಬಂಗಾರದಂಗ ಇರೋಣ" ಎಂದು ಅವನೂ ಕೊಟ್ಟ. ಅಲ್ಲಿಂದ ಪ್ರತಿ ದಸರೆಗೂ ಅದೇ ರೂಢಿಯಾಯಿತು, ಆ ಮನೆ ಶಾಂತಿಯವರೆಗೆ. ಬನ್ನಿ ಕೊಟ್ಟರೆ ವರ್ಷದ ಸಿಟ್ಟು ಅಲ್ಲಿಗೇ ಮುಗಿಯಬೇಕು ಎನ್ನುತ್ತಾರೆ. ಕೊಡಲು ಎದುರಿಗೆ ನಿಂತರೆ ತಾನೆ?

ಒಂದು ಎಲೆ ಕಿತ್ತು ಚೀಲಕ್ಕೆ ಹಾಕಿಕೊಂಡು ಕುಳಿತೆ. ಹೊತ್ತು ಇಳಿಯಿತು. ಇದ್ದಕ್ಕಿದ್ದಂತೆ ಹುಲಿಗೌಡನ ಹೆಸರು ಹಸಿರಾಯಿತು. ಬಗ್ಗಿ ನೋಡಿದರೆ ಗುಡ್ಡದ ಬುಡದಲ್ಲಿ ಅವನು, ಅದೇ ಕೆಂಪು ರುಮಾಲು. ಆದರೆ ಹತ್ತುತ್ತಿಲ್ಲ, ನಿಂತೇ ಇದ್ದಾನೆ. ಕರೆಯದೆ ಬರುವವನಲ್ಲ. ನನ್ನ ಅಣ್ಣನಲ್ಲವೇ?

ಯಜಮಾನರು ಗಡಿಯಾರ ನೋಡಿ ಚಡಪಡಿಸಿದರು. "ಲಗೂ ಮೆಸೇಜ್ ಹಾಕು, ಮ್ಯಾಲೆ ಬಾ ಅಂತ."

"ಮೆಸೇಜ್ ಹಾಕಿದ್ದಕ್ಕ ಏಳು ವರ್ಷ ಹ್ವಾದುವ್ರಿ" ಎಂದೆ.

ಇಳಿದರೆ ಮತ್ತೆ ಹತ್ತುವಷ್ಟು ಹೊತ್ತು ಉಳಿದಿರಲಿಲ್ಲ. ಆದರೂ ಇಳಿದೆ. ಹುಲ್ಲಿನ ನಡುವೆ ಬಿದ್ದು ಎದ್ದು ಓಡಿ, ಅವನೆದುರು ನಿಂತು ಬಾಗಿದೆ.

"ಅಣ್ಣಾ, ಮ್ಯಾಲೆ ಬಾ. ಕರ್ಯಾಕ ಬಂದೇನಿ" ಎಂದು ಬರೆದೆ.

ಕೆಂಪು ರುಮಾಲು ಗುಡ್ಡದ ತುದಿಯತ್ತ ತಿರುಗಿತು. "ಅಷ್ಟ ಮ್ಯಾಲಿಂದ ಇಳದ ಬಂದಿ?"

"ಹೂಂ."

"ದಸರಾ ಇನ್ನೂ ದೂರ ಐತಿ."

"ದಸರಾತನಕ ಈ ಗಿಡ ಇರೂದಿಲ್ಲಣ್ಣಾ."

"ನಡಿ" ಎಂದ.

ಅವನು ಮುಂದೆ, ನಾನು ಹಿಂದೆ. ಯಾವಾಗಲೂ ಹಾಗೆಯೇ ನಡೆದವರು ನಾವು. ಗಿಡದ ನೆತ್ತಿ ಕಾಣತೊಡಗಿತ್ತು, ಇನ್ನೊಂದು ತಿರುವು ಉಳಿದಿತ್ತು. ಅಷ್ಟರಲ್ಲಿ ಪರದೆ ಕಪ್ಪಾಯಿತು. ಆಟ ಮುಗಿಯಿತೆಂಬ ಒಂದು ಸಾಲು, ಅಷ್ಟೇ. ಎಲೆ ನನ್ನ ಚೀಲದಲ್ಲೇ ಉಳಿಯಿತು. ತವರಿನ ಅಂಗಳವನ್ನೇ ಯಾರೋ ಕಿತ್ತುಕೊಂಡು ಹೋದಂತಾಗಿ ಅತ್ತುಬಿಟ್ಟೆ.

ಆಗ ಫೋನು ರಿಂಗಣಿಸಿತು. ಅಣ್ಣ.

"ಮನ್ಯಾಗ ಅದೀರಿಲ್ಲ ಎಲ್ಲಾರೂ? ನಾನೂ ನಿಮ್ಮ ವೈನಿನೂ ಹೊಂಟೇವಿ. ಅಕಿ ಕುಂಕುಮದ ಭರಣಿ ತಗೊಂಡು ಗಾಡ್ಯಾಗ ಕುಂತಾಳ. ನಿನ್ನ ಕರ್ಯಾಕ ಬರಾಕತ್ತೇವಿ."

"ಎದಕ್ಕಣ್ಣಾ?" ಅತ್ತಿಗೆಯೂ ಹೊರಟದ್ದು ಕೇಳಿ ಬೆರಗಾದೆ.

"ಮನಿ ಶಾಂತಿಗೆ."

ಅಳುವಿನ ನಡುವೆಯೇ ನಗು ಬಂತು. "ಅದು ಆಗಿ ಏಳು ವರ್ಷ ಆತಲ್ಲೋ!"

"ಶಾಂತಿ ಆಗೇತಿ. ನಿನ್ನ ಕರಿಯೂದು ಆಗಿಲ್ಲ. ಬಾಗಲಾ ತಗದಿಡು."

ಕಪ್ಪು ಪರದೆಯನ್ನು ಇನ್ನೊಮ್ಮೆ ನೋಡಿ, ಕೆಳಗಿಳಿದು ಬಾಗಿಲು ತೆರೆದಿಟ್ಟೆ.